ಕಾಲು ಕಿಲೋಮೀಟರ್ ಉದ್ದದ ಮದುವೆ

ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್‌ನ ಟೇಪನ್ನು ಬಿಚ್ಚಿ ರಸ್ತೆಯುದ್ದಕ್ಕೂ ಹಾಸಿದರೆ ಸುಮಾರು 258 ಮೀಟರ್ ಆಗುತ್ತದೆ, ಕಾಲು ಕಿಲೋಮೀಟರ್ ದಾಟಿ ಇನ್ನೂ ಒಂದೆರಡು ಮನೆ ಮುಂದಕ್ಕೆ. ಅಗಲ ಅರ್ಧ ಇಂಚು, ದಪ್ಪ ತಲೆಗೂದಲಿಗಿಂತ ಕಡಿಮೆ. ದಿಬ್ಬಣ ಇಳಿದಲ್ಲಿಂದ ಹೆಣ್ಣೊಪ್ಪಿಸುವವರೆಗಿನ ಇಡೀ ಮದುವೆ ಆ ಕಂದು ಪಟ್ಟಿಯ ಮೇಲಿದೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅದು ಈಗ ಬೀರುವಿನ ಮೇಲೆಯೋ, ಅಟ್ಟದ ರಟ್ಟಿನ ಪೆಟ್ಟಿಗೆಯಲ್ಲೋ ಕೂತಿದೆ. ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ಬಾಲ್‌ಪೆನ್ನಿನ ಅಕ್ಷರ: ‘ದೊಡ್ಡಕ್ಕನ ಮದುವೆ, 1989’. ಅದನ್ನು ಹಾಕಿ ನೋಡಲು ಮನೆಯಲ್ಲಿ ಯಂತ್ರವಿಲ್ಲ.

ಆ ಯಂತ್ರ ಇನ್ನು ಹೊಸದಾಗಿ ಸಿಗುವುದೂ ಇಲ್ಲ. ಜಪಾನಿನ ಜೆವಿಸಿ ಕಂಪನಿ ಮೊದಲ ವಿಎಚ್‌ಎಸ್ ವಿಸಿಆರ್ ಅನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ನಲವತ್ತು ವರ್ಷಗಳ ನಂತರ, 2016ರ ಜುಲೈನಲ್ಲಿ, ಕೊನೆಗೆ ಉಳಿದಿದ್ದ ತಯಾರಕ ಫುನೈ ಎಲೆಕ್ಟ್ರಿಕ್ ಕೂಡ ಉತ್ಪಾದನೆ ನಿಲ್ಲಿಸಿತು. ಬೇಡಿಕೆ ಕುಸಿದಿತ್ತು, ಬಿಡಿಭಾಗ ಸಿಗುವುದೇ ಕಷ್ಟವಾಗಿತ್ತು. ಇವತ್ತು ಜಗತ್ತಿನಲ್ಲಿ ಓಡುತ್ತಿರುವ ಪ್ರತಿಯೊಂದು ವಿಸಿಆರ್ ಹಳೆಯದು. ಅದರ ರಬ್ಬರ್ ಗಾಲಿ ಗಟ್ಟಿಯಾಗುತ್ತಿದೆ, ಬೆಲ್ಟ್ ಸಡಿಲವಾಗುತ್ತಿದೆ, ಟೇಪ್ ಓದುವ ಹೆಡ್ ಸವೆಯುತ್ತಿದೆ. ಅದನ್ನು ಬಿಚ್ಚಿ ಸರಿಮಾಡಬಲ್ಲ ಮೆಕ್ಯಾನಿಕ್‌ಗಳಿಗೂ ವಯಸ್ಸಾಗುತ್ತಿದೆ. ಕ್ಯಾಸೆಟ್ ಹಾಳಾದೀತೇ ಎಂದು ಚಿಂತಿಸುವವರು ಮೊದಲು ಯೋಚಿಸಬೇಕಾದದ್ದು ಇದನ್ನು: ಟೇಪ್ ಚೆನ್ನಾಗಿಯೇ ಇದ್ದು ಅದನ್ನು ಓದುವ ಯಂತ್ರ ಇಲ್ಲದ ದಿನ ಹತ್ತಿರದಲ್ಲಿದೆ.

ದಾಖಲೆ ಕಾಯುವ ಸಂಸ್ಥೆಗಳು ಈ ಮಾತನ್ನು ಬಹಳ ದಿನಗಳಿಂದ ಹೇಳುತ್ತ ಬಂದಿವೆ. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ‘ಡೆಡ್‌ಲೈನ್ 2025’ ಎಂಬ ಹೆಸರಿನಲ್ಲಿ ಎಚ್ಚರಿಕೆ ಹೊರಡಿಸಿತ್ತು. ಅಷ್ಟರೊಳಗೆ ಡಿಜಿಟಲ್‌ಗೆ ಬಾರದ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ ಎಂಬುದು ಅದರ ಸಾರ. 2019ರಲ್ಲಿ ಯುನೆಸ್ಕೊ ಮತ್ತು ಧ್ವನಿ-ದೃಶ್ಯ ದಾಖಲೆಗಾರರ ಅಂತರರಾಷ್ಟ್ರೀಯ ಸಂಘ ಸೇರಿ ‘ಮ್ಯಾಗ್ನೆಟಿಕ್ ಟೇಪ್ ಅಲರ್ಟ್’ ಎಂಬ ಯೋಜನೆ ಕೈಗೆತ್ತಿಕೊಂಡವು. ಇವರೆಲ್ಲ ಲೆಕ್ಕ ಹಾಕಿದ್ದು ವಿಶ್ವವಿದ್ಯಾಲಯ, ಟಿ.ವಿ. ಕೇಂದ್ರ, ಮ್ಯೂಸಿಯಂಗಳ ಸಂಗ್ರಹವನ್ನು. ಅಟ್ಟದ ಮೇಲಿನ ದೊಡ್ಡಕ್ಕನ ಮದುವೆ ಯಾವ ಲೆಕ್ಕದಲ್ಲೂ ಇಲ್ಲ. ಅದನ್ನು ಉಳಿಸುವುದು ಮನೆಯವರಿಗೇ ಬಿಟ್ಟ ಕೆಲಸ.

ನಮ್ಮಲ್ಲಿ ಈ ಕ್ಯಾಸೆಟ್‌ಗಳ ಕಾಲ ಶುರುವಾದದ್ದು 1982ರ ಆಸುಪಾಸಿನಲ್ಲಿ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ಆ ವರ್ಷ ದೂರದರ್ಶನಕ್ಕೆ ಬಣ್ಣ ಬಂತು. ಕರಾವಳಿಯ ಎಷ್ಟೋ ಮನೆಗಳಿಗೆ ವಿಸಿಆರ್ ಬಂದದ್ದು ದುಬೈ, ಮಸ್ಕತ್, ಕುವೈತ್‌ನಿಂದ ರಜೆಗೆ ಬಂದವರ ಸಾಮಾನಿನ ಜೊತೆಗೆ. ಉಳಿದವರು ಪೇಟೆಯ ವಿಡಿಯೊ ಅಂಗಡಿಯಿಂದ ಒಂದು ರಾತ್ರಿಗೆ ವಿಸಿಪಿ (ಕ್ಯಾಸೆಟ್ ಪ್ಲೇಯರ್), ಟಿ.ವಿ., ಮೂರು ಸಿನಿಮಾ ಬಾಡಿಗೆಗೆ ತಂದು ಅಂಗಳದಲ್ಲಿ ಊರನ್ನೇ ಸೇರಿಸುತ್ತಿದ್ದರು. ಮದುವೆ ಮನೆಗೆ ಫೋಟೊದವರ ಜೊತೆ ‘ವಿಡಿಯೊದವರು’ ಬರತೊಡಗಿದ್ದು ಇದೇ ಹೊತ್ತಿಗೆ. ಹೆಗಲ ಮೇಲೆ ಭಾರದ ಕ್ಯಾಮೆರಾ, ಹಿಂದೆ ಉದ್ದನೆಯ ವೈರ್ ಎಳೆದುಕೊಂಡು ಲೈಟ್ ಹಿಡಿದ ಹುಡುಗ. ಅಂದಿನ ಕ್ಯಾಮೆರಾಗಳಿಗೆ ಬೆಳಕು ಎಷ್ಟಿದ್ದರೂ ಸಾಲದು. ಹಾಗಾಗಿಯೇ ಆ ಕಾಲದ ಮದುವೆ ವಿಡಿಯೊಗಳಲ್ಲಿ ಊಟದ ಪಂಕ್ತಿಯವರೆಲ್ಲ ಕಣ್ಣು ಕಿರಿದು ಮಾಡಿಕೊಂಡು, ಎಲೆಯ ಮೇಲೆ ಕೈಯಾಡಿಸುವುದನ್ನು ನಿಲ್ಲಿಸಿ, ಆ ಬಿಳಿ ಬೆಳಕು ಮುಂದೆ ಹೋಗಲೆಂದು ಕಾಯುತ್ತಿರುತ್ತಾರೆ. ಮದುವೆಗೆ ರಜೆ ಸಿಗದ ಮಗನಿಗೋ ಅಣ್ಣನಿಗೋ, ಕೊಲ್ಲಿಗೆ ಹೊರಟವರ ಕೈಯಲ್ಲಿ ಅದರ ಒಂದು ಪ್ರತಿ ಹೋಗುತ್ತಿತ್ತು.

ಈ ‘ಪ್ರತಿ’ ಎಂಬ ಮಾತಿನಲ್ಲಿಯೇ ಮೊದಲ ಪಾಠವಿದೆ.

ಡಿಜಿಟಲ್ ಫೈಲನ್ನು ಸಾವಿರ ಸಲ ಕಾಪಿ ಮಾಡಿದರೂ ಸಾವಿರದನೆಯದು ಮೊದಲಿನಂತೆಯೇ ಇರುತ್ತದೆ. ಟೇಪಿನ ಗುಣ ಹಾಗಲ್ಲ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿದಷ್ಟು ಸಲವೂ ಚಿತ್ರ ಮಸುಕಾಗುತ್ತದೆ, ಗೊರಗೊರ ಹೆಚ್ಚುತ್ತದೆ, ಬಣ್ಣ ತನ್ನ ಜಾಗದಿಂದ ಸ್ವಲ್ಪ ಕೆಳಕ್ಕೆ ಜಾರುತ್ತದೆ. ಕೆಂಪು ಧಾರೆಸೀರೆಯ ಕೆಂಪು ಸೀರೆಯಲ್ಲಿ ನಿಲ್ಲದೆ ಪಕ್ಕದ ಗೋಡೆಗೂ ಹರಡಿದಂತೆ ಕಾಣುವುದು ಇದರಿಂದಲೇ. ಮನೆಗೆ ಕೊಟ್ಟ ‘ಮಿಕ್ಸಿಂಗ್ ಆದ’ ಕ್ಯಾಸೆಟ್ ಸಾಮಾನ್ಯವಾಗಿ ಎರಡನೆಯ ತಲೆಮಾರಿನದು. ಕ್ಯಾಮೆರಾದಲ್ಲಿ ನೇರವಾಗಿ ಚಿತ್ರೀಕರಿಸಿದ ಮಾಸ್ಟರ್ ಬೇರೆ. ಕೆಲವು ಮನೆಯವರು ಅದನ್ನೂ ಕೇಳಿ ಪಡೆದಿದ್ದುಂಟು. ಪೆಟ್ಟಿಗೆಯಲ್ಲಿ ಒಂದೇ ಸಮಾರಂಭದ ಎರಡು ಮೂರು ಕ್ಯಾಸೆಟ್ ಇದ್ದರೆ ಯಾವುದು ಮಾಸ್ಟರ್ ಎಂದು ಪತ್ತೆ ಮಾಡುವುದಕ್ಕೆ ಒಂದು ಸಂಜೆ ಕಳೆದರೂ ನಷ್ಟವಿಲ್ಲ. ಪರದೆಯ ಮೇಲೆ ಹೃದಯದಾಕಾರ ತೆರೆದುಕೊಳ್ಳದೆ, ಹಿನ್ನೆಲೆಯಲ್ಲಿ ಸಿನಿಮಾ ಹಾಡು ಇಲ್ಲದೆ, ಓಲಗ ಮತ್ತು ಜನರ ಗದ್ದಲ ಮಾತ್ರ ಕೇಳಿಸಿದರೆ ಅದೇ ಮಾಸ್ಟರ್.

ಹಾಡಿನ ವಿಷಯ ಬಂದದ್ದರಿಂದ ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಮಿಕ್ಸಿಂಗ್ ಮಾಡುವವರು ಮದುವೆಯ ಅಸಲು ಧ್ವನಿಯನ್ನು ತೆಗೆದು ಉದ್ದಕ್ಕೂ ಚಿತ್ರಗೀತೆ ತುಂಬುವುದು ಅಂದಿನ ರೂಢಿ. ಅದು ನೋಡುವವರಿಗೆ ಬೇಕಾಗಿಯೂ ಇತ್ತು. ಆದರೆ ಆ ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ಹಸೆಯ ಪಕ್ಕ ಕೂತ ಅಜ್ಜಿ ಹೇಳಿದ ಸೋಬಾನೆ, ಅಪ್ಪ ಯಾರನ್ನೋ ಗದರಿದ ದನಿ ಇನ್ನೆಲ್ಲೂ ಸಿಗುವುದಿಲ್ಲ. ಮಾಸ್ಟರ್ ಸಿಕ್ಕರೆ ಅದೆಲ್ಲ ಮರಳಿ ಬರುತ್ತದೆ. ವಿಎಚ್‌ಎಸ್‌ನ ಮಾಮೂಲಿ ಧ್ವನಿ ಅಷ್ಟೇನೂ ಸ್ಪಷ್ಟವಿರುವುದಿಲ್ಲ ಎಂಬುದೂ ನಿಜ. ಟೇಪಿನ ಅಂಚಿನ ಮೇಲೆ ದಾಖಲಾಗುವ ಆ ಧ್ವನಿ ಸೆಕೆಂಡಿಗೆ 2.34 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಹಾಡಿನ ಆಡಿಯೊ ಕ್ಯಾಸೆಟ್‌ನ ವೇಗದ ಅರ್ಧಕ್ಕಿಂತಲೂ ತುಸು ಕಡಿಮೆ. ಹಾಗಿದ್ದರೂ ಮಾತು ಮಾತಾಗಿಯೇ ಕೇಳಿಸುತ್ತದೆ.

ಚಿತ್ರ ದಾಖಲಾಗುವ ಬಗೆ ಇನ್ನೂ ಸೋಜಿಗದ್ದು. ಅಷ್ಟು ನಿಧಾನ ಸಾಗುವ ಟೇಪಿನ ಮೇಲೆ ಉದ್ದಕ್ಕೆ ಬರೆದರೆ ಚಿತ್ರಕ್ಕೆ ಬೇಕಾದ ವೇಗ ಸಿಗದು. ಅದಕ್ಕೆ ಎಂಜಿನಿಯರ್‌ಗಳು ಟೇಪನ್ನು ಓರೆಯಾಗಿ ಕೂತ ಒಂದು ಉರುಳೆಗೆ ಸುತ್ತಿಸಿ, ಉರುಳೆಯನ್ನೇ ಗರಗರ ತಿರುಗಿಸಿದರು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೇಲಿನ ಎರಡು ಹೆಡ್‌ಗಳು ಸೆಕೆಂಡಿಗೆ 50 ಬಾರಿ ಟೇಪನ್ನು ಓರೆಯಾಗಿ ಸವರುತ್ತವೆ. ಒಂದೊಂದು ಸವರುವಿಕೆಯೂ ಅರ್ಧ ಚಿತ್ರ. ಒಮ್ಮೆ ಬೆಸ ಗೆರೆಗಳು, ಮರುಸಲ ಸಮ ಗೆರೆಗಳು. ಆ ಜಾಡಿನ ಅಗಲ ಒಂದು ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗದಷ್ಟು. ಮೂವತ್ತೈದು ವರ್ಷ ಹಿಂದೆ ಯಾವುದೋ ಕ್ಯಾಮೆರಾ ಗೀರಿದ ಅಷ್ಟು ತೆಳು ಜಾಡನ್ನು ಇವತ್ತು ಬೇರೊಂದು ಯಂತ್ರ ಹುಡುಕಿ ಅದರ ಮೇಲೆಯೇ ನಡೆಯಬೇಕು. ‘ಟ್ರ್ಯಾಕಿಂಗ್’ ಗುಂಡಿ ಇದ್ದದ್ದು ಅದಕ್ಕೇ. ಪರದೆಯ ಮೇಲೆ ಬಿಳಿ ಗೆರೆಗಳು ಬಂದಾಗ ಮನೆಯಲ್ಲಿ ಯಾರಾದರೊಬ್ಬರು ಎದ್ದು ಹೋಗಿ ತಿರುವುತ್ತಿದ್ದರಲ್ಲ, ಅದು ಹೆಡ್ಡನ್ನು ಜಾಡಿಗೆ ತರುವ ಕೆಲಸ.

ಯಂತ್ರದ ವೇಗ ಎಷ್ಟೇ ನಿಖರವಾಗಿದ್ದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಟೇಪ್ ಒಂದಿಷ್ಟು ಹಿಗ್ಗಿರುತ್ತದೆ, ರಬ್ಬರ್ ಜಾರುತ್ತದೆ. ಆಗ ಚಿತ್ರದ ಪ್ರತಿ ಗೆರೆಯೂ ಶುರುವಾಗಬೇಕಾದ ಕ್ಷಣಕ್ಕೆ ಶುರುವಾಗುವುದಿಲ್ಲ. ನೆಟ್ಟಗಿನ ಬಾಗಿಲ ಚೌಕಟ್ಟು ಗಾಳಿಗೆ ಒದ್ದಾಡುವ ಪರದೆಯಂತೆ ಓಲಾಡುತ್ತದೆ. ಹಳೆಯ ದಪ್ಪ ಟಿ.ವಿ.ಗಳು ಇದನ್ನು ಸಹಿಸಿಕೊಳ್ಳುತ್ತಿದ್ದವು. ಕಂಪ್ಯೂಟರ್‌ಗೆ ಆ ತಾಳ್ಮೆಯಿಲ್ಲ. ಗೆರೆ ತಪ್ಪಿದರೆ ಅದು ಚಿತ್ರವನ್ನೇ ಬಿಟ್ಟು ಮುಂದೆ ಹೋಗುತ್ತದೆ. ಹೀಗೆ ನಿಮಿಷಕ್ಕೆ ನಾಲ್ಕೈದು ಚಿತ್ರ ಬಿಟ್ಟುಹೋದರೂ ಸಾಕು, ಒಂದು ಗಂಟೆ ಕಳೆಯುವಷ್ಟರಲ್ಲಿ ಮಂತ್ರ ಹೇಳುವ ಪುರೋಹಿತರ ತುಟಿಗೂ ದನಿಗೂ ತಾಳೆಯಾಗುವುದಿಲ್ಲ. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ತಪ್ಪು ಅವರದಲ್ಲ, ನಡುವೆ ಇರಬೇಕಾದ ಒಂದು ಸಾಧನದ ಬಗ್ಗೆ ಅವರಿಗೆ ಯಾರೂ ಹೇಳಿರುವುದಿಲ್ಲ.

ಆ ಸಾಧನಕ್ಕೆ ಟೈಮ್ ಬೇಸ್ ಕರೆಕ್ಟರ್ ಎಂದು ಹೆಸರು, ಬಳಸುವವರ ಬಾಯಲ್ಲಿ ಟಿಬಿಸಿ. ಓಲಾಡುತ್ತ ಬಂದ ಗೆರೆಗಳನ್ನು ಅದು ಕ್ಷಣಕಾಲ ತನ್ನಲ್ಲಿ ಹಿಡಿದಿಟ್ಟುಕೊಂಡು, ಸಾಲಾಗಿ ನಿಲ್ಲಿಸಿ, ಸಮವಾದ ಲಯದಲ್ಲಿ ಮುಂದಕ್ಕೆ ಕಳಿಸುತ್ತದೆ. ಸ್ಟುಡಿಯೊಗಳಿಗಾಗಿ ತಯಾರಾದ ಟಿಬಿಸಿ ಇಂದು ದುಬಾರಿ, ಸಿಗುವುದೂ ಅಪರೂಪ. ಜೆವಿಸಿ, ಪ್ಯಾನಾಸಾನಿಕ್‌ನ ಕೆಲವು ಎಸ್-ವಿಎಚ್‌ಎಸ್ ಡೆಕ್‌ಗಳಲ್ಲಿ ಅದು ಒಳಗೇ ಇರುತ್ತದೆ. ಇದೆರಡೂ ಸಿಗದವರು ಕಂಡುಕೊಂಡ ದಾರಿ ಬಹಳ ಜಾಣತನದ್ದು. ಪ್ಯಾನಾಸಾನಿಕ್‌ನ ಡಿಎಂಆರ್-ಇಎಸ್10, ಇಎಸ್15 ಎಂಬ ಹಳೆಯ ಡಿವಿಡಿ ರೆಕಾರ್ಡರ್‌ಗಳೊಳಗೆ ಗೆರೆ ಸರಿಪಡಿಸುವ ಒಳ್ಳೆಯ ಸರ್ಕೀಟ್ ಇದೆ. ಅದರಲ್ಲಿ ಡಿವಿಡಿ ಬರೆಯುವುದು ಬೇಡ. ವಿಸಿಆರ್‌ನಿಂದ ಬಂದ ಚಿತ್ರವನ್ನು ಅದರ ಮೂಲಕ ಹಾಯಿಸಿ ಆ ಕಡೆಯಿಂದ ಕಂಪ್ಯೂಟರ್‌ಗೆ ಕೊಟ್ಟರೆ ಆಯಿತು. ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆ ಎಷ್ಟೋ ಮನೆಗಳ ವಿಡಿಯೊ ಉಳಿಸಿದೆ.

ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಆನ್‌ಲೈನ್‌ನಲ್ಲಿಯೂ ಸಿಗುತ್ತದೆ. ಕೆಲವು ನೂರು ರೂಪಾಯಿಯದು ತಗೊಂಡರೆ ಕೆಲಸ ಆಗುವುದಿಲ್ಲವೆಂದಲ್ಲ. ಆದರೆ ಅದರೊಳಗಿನ ಚಿಪ್ ಯಾವುದೆಂದು ಕೊಂಡ ಮೇಲೆಯೇ ಗೊತ್ತಾಗುವುದು. ಬಿಳಿ ಪಂಚೆಯ ಮಡಿಕೆಗಳೆಲ್ಲ ಬೆಳಕಿನಲ್ಲಿ ಕರಗಿಹೋಗಿ ಬರೀ ಬಿಳಿಯ ಮುದ್ದೆ ಕಂಡರೆ ಆ ಸಾಧನವನ್ನು ಬದಲಿಸುವುದೇ ಸರಿ. ಡೆಕ್‌ನಲ್ಲಿ ಎಸ್-ವಿಡಿಯೊ ಕಿಂಡಿ ಇದ್ದರೆ ಹಳದಿ ಪಿನ್ನಿನ ಮಾಮೂಲಿ ವೈರ್ ಬಿಟ್ಟು ಅದನ್ನೇ ಬಳಸಬೇಕು. ವಿಎಚ್‌ಎಸ್ ಟೇಪಿನಲ್ಲಿ ಬಣ್ಣ ಮತ್ತು ಬೆಳಕು ಬೇರೆಬೇರೆಯಾಗಿಯೇ ದಾಖಲಾಗಿರುತ್ತವೆ. ಹಳದಿ ವೈರ್ ಅವೆರಡನ್ನೂ ಕಲಸಿ ಕಳಿಸುತ್ತದೆ, ಎಸ್-ವಿಡಿಯೊ ಬೇರೆಯಾಗಿಯೇ ಒಯ್ಯುತ್ತದೆ. ಕಲಸಿದ್ದನ್ನು ಮತ್ತೆ ಪೂರ್ತಿಯಾಗಿ ಬೇರ್ಪಡಿಸಲು ಆಗುವುದಿಲ್ಲ.

ಇಷ್ಟೆಲ್ಲ ಜೋಡಿಸುವ ಮೊದಲು ಕ್ಯಾಸೆಟ್‌ನ ಆರೋಗ್ಯ ನೋಡಬೇಕು. ಟೇಪ್ ಎಂದರೆ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದು ನಿಲ್ಲಿಸಿದ ಕಬ್ಬಿಣದ ಆಕ್ಸೈಡ್ ಪುಡಿ. ಆ ಅಂಟು ಗಾಳಿಯ ತೇವ ಹೀರಿ ವರ್ಷಗಳ ಮೇಲೆ ಸಡಿಲವಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಇನ್ನೊಂದು ಕಾಟವೂ ಇದೆ, ಅದು ಬೂಷ್ಟು. ನಾಲ್ಕು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಟೇಪಿನ ಸುರುಳಿಯ ಅಂಚಿಗೂ ಬೂಷ್ಟು ಹತ್ತುತ್ತದೆ. ಕ್ಯಾಸೆಟ್‌ನ ಮೇಲಿನ ಗಾಜಿನಂಥ ಕಿಂಡಿಯಿಂದ ಬೆಳಕಿಗೆ ಹಿಡಿದು ನೋಡಿದರೆ ಕಪ್ಪು ಸುರುಳಿಯ ಮೇಲೆ ಬಿಳಿ ಬೂದಿ ಉದುರಿದಂತೆ, ಜೇಡರ ಬಲೆಯಂತೆ ಕಾಣಿಸುತ್ತದೆ. ಅಂಥದ್ದನ್ನು ಪ್ಲೇಯರ್‌ಗೆ ಹಾಕಲೇಬಾರದು. ಟೇಪ್ ಹರಿಯಬಹುದು, ಹೆಡ್‌ಗೆ ಹತ್ತಿದ ಬೂಷ್ಟು ಮುಂದಿನ ಹತ್ತು ಕ್ಯಾಸೆಟ್‌ಗಳಿಗೂ ಹಬ್ಬಬಹುದು. ಅದನ್ನು ಕೊಡವುವವರ ಶ್ವಾಸಕ್ಕೂ ಒಳ್ಳೆಯದಲ್ಲ. ಬೇರೆಯಾಗಿ ಕಟ್ಟಿಟ್ಟು, ಬೂಷ್ಟು ತೆಗೆಯುವ ಅನುಭವ ಇರುವವರ ಕೈಗೆ ಕೊಡುವುದು ಕ್ಷೇಮ.

ಚೆನ್ನಾಗಿ ಕಾಣುವ ಕ್ಯಾಸೆಟ್‌ನಲ್ಲೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಬೆನ್ನಿನ ಎಡತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದು ಇರುವವರೆಗೂ ಆ ಕ್ಯಾಸೆಟ್‌ನ ಮೇಲೆ ರೆಕಾರ್ಡ್ ಆಗುತ್ತದೆ. ಅದನ್ನು ಮುರಿದು ತೆಗೆದರೆ, ತಪ್ಪಿ ಕೆಂಪು ಗುಂಡಿ ಒತ್ತಿದರೂ ಏನೂ ಅಳಿಯುವುದಿಲ್ಲ. ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಬೇಕು. ಇಪ್ಪತ್ತು ವರ್ಷ ಒಂದೇ ಬಿಗಿಯಲ್ಲಿ ಸುತ್ತಿಕೊಂಡಿದ್ದ ಟೇಪ್ ಸಡಿಲಗೊಂಡು ಸಮನಾಗಿ ಕೂರುತ್ತದೆ. ಯಂತ್ರದ ಹೆಡ್ ಒರೆಸುವಾಗ ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಅದರ ಎಳೆ ಹೆಡ್‌ನ ತುದಿಗೆ ಸಿಕ್ಕಿ ಅದನ್ನೇ ಮುರಿಯಬಲ್ಲದು. ಮೆತ್ತನೆಯ ಚರ್ಮದ ಅಥವಾ ಸ್ಪಂಜಿನ ತುಂಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಗುಲಿಸಿ, ಉರುಳೆಯನ್ನು ಕೈಯಲ್ಲಿ ತಿರುಗಿಸುತ್ತ ಅಡ್ಡಕ್ಕೆ ಮಾತ್ರ ಒರೆಸಬೇಕು, ಮೇಲೆ ಕೆಳಗೆ ಉಜ್ಜಲೇಬಾರದು. ಮತ್ತು ಯಾವತ್ತೂ ಮೊದಲು ಹಾಕುವ ಕ್ಯಾಸೆಟ್ ಯಾವುದೋ ಹಳೆಯ ಸಿನಿಮಾದ್ದಾಗಿರಲಿ. ಯಂತ್ರ ಟೇಪನ್ನು ಅಗಿದುಹಾಕುವುದೇ ಆದರೆ ಅದನ್ನು ಅಗಿಯಲಿ.

ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಕಳಿಸಿದ ಕ್ಯಾಸೆಟ್‌ಗಳ ಕತೆ ಬೇರೆ. ಅಲ್ಲಿ ಆಗ ಇದ್ದದ್ದು ಎನ್‌ಟಿಎಸ್‌ಸಿ ಪದ್ಧತಿ, ಗೆರೆ 525, ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರ. ನಮ್ಮದು 625 ಗೆರೆ, 25 ಚಿತ್ರ. ಮೊಮ್ಮಗುವಿನ ನಾಮಕರಣ ನೋಡಲು ಕಾದು ಕೂತ ಅಜ್ಜ ಅಜ್ಜಿಗೆ ಇಲ್ಲಿನ ವಿಸಿಪಿಯಲ್ಲಿ ಕಂಡದ್ದು ಬಣ್ಣವಿಲ್ಲದೆ ಮೇಲಿನಿಂದ ಕೆಳಗೆ ಉರುಳುವ ಚಿತ್ರ. ‘ಕ್ಯಾಸೆಟ್ ಕೆಟ್ಟಿದೆ’ ಎಂದು ಪಕ್ಕಕ್ಕಿಟ್ಟವು ಎಷ್ಟೋ. ಅವುಗಳಲ್ಲಿ ಹಲವು ಕೆಟ್ಟಿಲ್ಲ. ಎರಡೂ ಪದ್ಧತಿಯನ್ನು ಓದುವ ಮಲ್ಟಿಸಿಸ್ಟಂ ಡೆಕ್‌ಗೆ ಹಾಕಿದರೆ ಬಣ್ಣ ತುಂಬಿಕೊಂಡು ಬರುತ್ತವೆ.

1990ರ ದಶಕದ ನಡುವೆ ಬಂದ ಮಿನಿಡಿವಿ ಪುಟ್ಟ ಕ್ಯಾಸೆಟ್‌ಗಳ ವಿಷಯದಲ್ಲಿ ಕೆಲಸ ಹಗುರ. ಆ ಟೇಪಿನ ಮೇಲಿರುವುದೇ ಡಿಜಿಟಲ್ ಅಂಕಿಗಳು. ಫೈರ್‌ವೈರ್ ಎಂಬ ಕೇಬಲ್ ಮೂಲಕ ಅವನ್ನು ಇದ್ದದ್ದು ಇದ್ದಂತೆ ಇಳಿಸಿಕೊಳ್ಳಬಹುದು, ಗಂಟೆಗೆ ಸುಮಾರು 13 ಜಿಬಿ. ಚಿತ್ರೀಕರಿಸಿದ ದಿನಾಂಕ, ಗಂಟೆ, ನಿಮಿಷವೂ ಜೊತೆಗೇ ಬರುತ್ತವೆ. ಕ್ಯಾಮೆರಾದಲ್ಲಿ ಗಡಿಯಾರ ಸರಿಯಿಟ್ಟಿದ್ದರೆ ಯಾವ ಯುಗಾದಿ ಎಂದು ಜಗಳವಾಡಬೇಕಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಕಿಂಡಿ ಇಲ್ಲದಿರುವುದೊಂದೇ ತೊಡಕು. ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಯಾರಾದರೂ ಎಸೆಯಲು ಹೊರಟಿದ್ದರೆ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. ಸೋನಿಯ ವಿಡಿಯೊ8, ಹೈ8 ಕ್ಯಾಸೆಟ್ ಇರುವವರಿಗೂ ಒಂದು ಸುಲಭ ದಾರಿಯಿದೆ. 1999ರಲ್ಲಿ ಬಂದ ಡಿಜಿಟಲ್8 ಕ್ಯಾಮೆರಾಗಳ ಹಲವು ಮಾದರಿಗಳು ಆ ಹಳೆಯ ಟೇಪನ್ನು ಓದಿ, ತಾವೇ ಡಿಜಿಟಲ್ ಮಾಡಿ, ಅದೇ ಕೇಬಲ್ಲಿನಲ್ಲಿ ಕಳಿಸುತ್ತವೆ.

ಹೀಗೆ ಒಳಬಂದ ಚಿತ್ರವನ್ನು ಯಾವ ರೂಪದಲ್ಲಿ ಇಡುವುದು? ಇದಕ್ಕೆ ಉತ್ತರ ಹೇಳುವಾಗ ಸ್ಟುಡಿಯೊಗಳು ಸಾಮಾನ್ಯವಾಗಿ ಗ್ರಾಹಕರ ಅನುಕೂಲ ನೋಡುತ್ತವೆ: ಎಂಪಿ4 ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟುಬಿಡುತ್ತವೆ. ಮೊಬೈಲಿನಲ್ಲಿ ನೋಡಲು ಅದು ಸರಿ, ಎಡಿಟಿಂಗ್‌ಗೆ ಸರಿಯಲ್ಲ. ಚಿಕ್ಕದಾಗಲೆಂದು ಎಂಪಿ4 ಚಿತ್ರದ ವಿವರಗಳನ್ನು ಬಿಟ್ಟುಬಿಡುತ್ತದೆ. ವಿಎಚ್‌ಎಸ್‌ನ ಗೊರಗೊರವನ್ನೂ ಮುಖದ ಸುಕ್ಕನ್ನೂ ಅದು ಬೇರೆಬೇರೆ ಎಂದು ಗುರುತಿಸಲಾರದು. ಆಮೇಲೆ ಬಣ್ಣ ತಿದ್ದಲು ಹೋದರೆ ಚೌಕಚೌಕ ಕಲೆಗಳು ಏಳುತ್ತವೆ. ಮೊದಲ ಪ್ರತಿಯನ್ನು ಏನೂ ಕಳೆದುಕೊಳ್ಳದ ರೂಪದಲ್ಲಿ ಹಿಡಿಯಬೇಕು. ಮನೆಯವರು ಬಹುಕಾಲದಿಂದ ಬಳಸುವುದು ವರ್ಚುವಲ್‌ಡಬ್ ತಂತ್ರಾಂಶ ಮತ್ತು ಹಫ್‌ವೈಯುವಿ ಕೋಡೆಕ್. ದಾಖಲೆ ಸಂಸ್ಥೆಗಳು ಒಪ್ಪಿಕೊಂಡಿರುವುದು ಎಫ್‌ಎಫ್‌ವಿ1 ಎಂಬುದನ್ನು. ಅದರ ರಚನೆ 2021ರಲ್ಲಿ ಇಂಟರ್‌ನೆಟ್ ಮಾನದಂಡಗಳ ದಾಖಲೆಯಾಗಿ ಪ್ರಕಟವಾಗಿದೆ, ಯಾವ ಕಂಪನಿ ಮುಚ್ಚಿದರೂ ಅದನ್ನು ಓದುವ ವಿಧಾನ ಎಲ್ಲರಿಗೂ ತೆರೆದಿರುತ್ತದೆ. ಎಲ್ಲವೂ ಉಚಿತ. ಖರ್ಚಾಗುವುದು ಜಾಗ ಮಾತ್ರ: ಗಂಟೆಗೆ 30ರಿಂದ 40 ಜಿಬಿ. ಮೂರು ಗಂಟೆಯ ಒಂದು ಮದುವೆಗೆ 100 ಜಿಬಿ ಎಂದಿಟ್ಟುಕೊಂಡರೂ ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಒಂಬತ್ತು ಹತ್ತು ಮದುವೆ ಕೂರುತ್ತವೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದಾರೆ. ‘ವಿಎಚ್‌ಎಸ್-ಡಿಕೋಡ್’ ಎಂಬ ಮುಕ್ತ ತಂತ್ರಾಂಶದ ಬಳಗ ವಿಸಿಆರ್‌ನ ಎಲೆಕ್ಟ್ರಾನಿಕ್ಸ್‌ನ ಹೆಚ್ಚಿನ ಭಾಗವನ್ನು ಪಕ್ಕಕ್ಕೆ ಸರಿಸುತ್ತದೆ. ಯಂತ್ರದ ಮುಚ್ಚಳ ತೆಗೆದು, ಹೆಡ್‌ನಿಂದ ಬರುವ ಹಸಿ ಸಂಕೇತವನ್ನೇ ನೇರವಾಗಿ ಕಂಪ್ಯೂಟರ್‌ಗೆ ತುಂಬಿಕೊಂಡು, ಗೆರೆ ಜೋಡಿಸುವ, ಬಣ್ಣ ಬಿಡಿಸುವ ಕೆಲಸವನ್ನೆಲ್ಲ ತಂತ್ರಾಂಶದಲ್ಲೇ ಮಾಡುತ್ತದೆ. ಲೇಸರ್ ಡಿಸ್ಕ್ ಓದಲು ಹುಟ್ಟಿದ ಇಂಥದೇ ಯೋಜನೆಯ ಮೇಲೆ ಬೆಳೆದದ್ದು ಅದು. ಬೆಸುಗೆ ಹಾಕಲು ಬರುವವರಿಗೆ ಮಾತ್ರ ಹೇಳಿಮಾಡಿಸಿದ ದಾರಿ. ಆದರೆ ಟಿಬಿಸಿ ಇಲ್ಲದೆಯೂ ಒಳ್ಳೆಯ ಚಿತ್ರ ಬರುತ್ತದೆ, ನಾಳೆ ತಂತ್ರಾಂಶ ಸುಧಾರಿಸಿದರೆ ಟೇಪನ್ನು ಮತ್ತೆ ಓಡಿಸದೆ ಇನ್ನೂ ಒಳ್ಳೆಯದನ್ನು ತೆಗೆಯಬಹುದು.

2000ದ ನಂತರ ಬಹಳ ಮನೆಯವರು ಕ್ಯಾಸೆಟ್‌ಗಳನ್ನು ಡಿವಿಡಿ ಮಾಡಿಸಿ, ಕ್ಯಾಸೆಟ್ ಎಸೆದುಬಿಟ್ಟರು. ಮನೆಯಲ್ಲಿ ಬರೆಯುವ ಡಿವಿಡಿಯ ಮೇಲಿರುವುದು ಬೆಳಕಿಗೂ ಬಿಸಿಗೂ ಮಾಸುವ ಬಣ್ಣದ ಪದರ. ಅಂಥ ಡಿಸ್ಕ್ ಇದ್ದರೆ ಅದರೊಳಗಿನ ಫೈಲ್‌ಗಳನ್ನು ಹಾರ್ಡ್ ಡಿಸ್ಕಿಗೆ ಇವತ್ತೇ ಇಳಿಸಿಕೊಳ್ಳಬೇಕು, ಬೇರೆ ರೂಪಕ್ಕೆ ಬದಲಿಸದೆ, ಇದ್ದ ಹಾಗೆಯೇ. ಕ್ಯಾಸೆಟ್ ಇನ್ನೂ ಉಳಿದಿದ್ದರೆ ಆ ಡಿವಿಡಿಯನ್ನು ನಂಬಿ ಸುಮ್ಮನಿರುವುದು ಬೇಡ.

ಎಡಿಟಿಂಗ್ ಶುರುವಾಗುವುದು ಇಲ್ಲಿಂದ. ಕ್ಯಾಪ್ಚರ್ ಆದ ಮೂಲ ಫೈಲನ್ನು ಮುಟ್ಟುವುದಿಲ್ಲವೆಂದು ಮೊದಲೇ ನಿರ್ಧರಿಸಿ, ಅದರ ಎರಡು ಪ್ರತಿಯನ್ನು ಎರಡು ಡಿಸ್ಕಿನಲ್ಲಿಟ್ಟು, ಒಂದನ್ನು ಬೇರೆ ಊರಿನ ತಮ್ಮನ ಮನೆಗೋ ತಂಗಿಯ ಮನೆಗೋ ಕಳಿಸಿದ ಮೇಲೆ ಕತ್ತರಿ ಕೈಗೆ ತೆಗೆದುಕೊಳ್ಳಬಹುದು. ಶಾಟ್‌ಕಟ್, ಕೆಡೆನ್‌ಲೈವ್ ಉಚಿತ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೂ ಮನೆಯ ಕೆಲಸಕ್ಕೆ ಬೇಕಾದಷ್ಟಿದೆ.

ಮೊದಲ ಸವಾಲು ಬಾಚಣಿಗೆಯ ಹಲ್ಲು. ಬೆಸ ಗೆರೆ ಮತ್ತು ಸಮ ಗೆರೆಗಳ ಎರಡು ಅರ್ಧ ಚಿತ್ರಗಳು ಬೇರೆ ಬೇರೆ ಕ್ಷಣದವು. ಎರಡನ್ನೂ ಒಟ್ಟಿಗೆ ಇಟ್ಟರೆ ಬಡಿಸುತ್ತ ಓಡುವವನ ಕೈಯ ಅಂಚು ಬಾಚಣಿಗೆಯಂತೆ ಸೀಳಿಕೊಳ್ಳುತ್ತದೆ. ಇದನ್ನು ಸರಿಪಡಿಸುವುದಕ್ಕೆ ಡಿಇಂಟರ್‌ಲೇಸ್ ಎನ್ನುತ್ತಾರೆ. ಹೆಚ್ಚಿನ ತಂತ್ರಾಂಶಗಳು ಅರ್ಧವನ್ನು ಎಸೆದು ಸೆಕೆಂಡಿಗೆ 25 ಚಿತ್ರ ಕೊಡುತ್ತವೆ. ಚಲನೆಯ ಮೆದುತನ ಅಲ್ಲೇ ಹೋಗುತ್ತದೆ. ಕ್ಯೂಟಿಜಿಎಂಸಿ ಎಂಬ ಉಚಿತ ಸಾಧನ ನಿಧಾನ, ಕಂಪ್ಯೂಟರನ್ನು ರಾತ್ರಿಯಿಡೀ ದುಡಿಸುತ್ತದೆ. ಆದರೆ ಪ್ರತಿ ಅರ್ಧದಿಂದಲೂ ಒಂದು ಪೂರ್ಣ ಚಿತ್ರ ಕಟ್ಟಿ ಸೆಕೆಂಡಿಗೆ 50 ಕೊಡುತ್ತದೆ. ಕೋಲಾಟದ ಕೋಲು, ಸೆರಗಿನ ಅಲುಗಾಟ ಅಂದು ಟಿ.ವಿ.ಯಲ್ಲಿ ಕಂಡಂತೆಯೇ ಕಾಣುತ್ತವೆ.

ಎರಡನೆಯದು ಆಕಾರ. ಈ ಚಿತ್ರಗಳ ಅಗಲ-ಎತ್ತರದ ಅನುಪಾತ 4:3. ಈಗಿನ ಟಿ.ವಿ. ತುಂಬಲೆಂದು ಅಡ್ಡಕ್ಕೆ ಎಳೆದರೆ ಮನೆಮಂದಿಯೆಲ್ಲ ದಪ್ಪಗಾಗುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ಹಿಂದಿನ ಸಾಲಿನಲ್ಲಿ ನಿಂತವರು ಹೋಗುತ್ತಾರೆ. ಎಡಬಲಕ್ಕೆ ಕಪ್ಪು ಪಟ್ಟಿ ಇರಲಿ, ಯಾರಿಗೂ ತೊಂದರೆಯಿಲ್ಲ.

ಮೂರನೆಯದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕೃತಕ ಬುದ್ಧಿಮತ್ತೆಯಿಂದ ಹಳೆಯ ವಿಡಿಯೊವನ್ನು 4ಕೆ ಮಾಡಿಕೊಡುತ್ತೇವೆ ಎಂಬ ಜಾಹೀರಾತುಗಳು ಈಗ ಎಲ್ಲೆಡೆ ಇವೆ. ವಿಎಚ್‌ಎಸ್‌ನಲ್ಲಿ ಇಲ್ಲದ ವಿವರವನ್ನು ಯಾವ ಯಂತ್ರವೂ ಹುಡುಕಿ ತರುವುದಿಲ್ಲ, ಊಹಿಸಿ ಬರೆಯುತ್ತದೆ. ತಾನು ಕಲಿತ ಸಾವಿರಾರು ಮುಖಗಳಿಂದ ಒಂದು ಕಣ್ಣು, ಒಂದು ತುಟಿ ತಂದು ಅಂಟಿಸುತ್ತದೆ. ನುಣುಪಾದ ಚರ್ಮದ, ಹೊಳೆಯುವ ಕಣ್ಣಿನ ಆ ಮುದುಕಿ ನೋಡಲು ಚೆನ್ನಾಗಿರಬಹುದು, ಆದರೆ ಆಕೆ ಅಜ್ಜಿಯಲ್ಲ. ಮಸುಕಾದರೂ ಸರಿ, ಟೇಪಿನಲ್ಲಿರುವುದು ಅಜ್ಜಿಯ ಮುಖಕ್ಕೆ ತಾಗಿ ಮರಳಿದ ಬೆಳಕು.

ಏನು ಕತ್ತರಿಸುವುದು, ಏನು ಉಳಿಸುವುದು ಎಂಬುದು ತಂತ್ರದ ಪ್ರಶ್ನೆಯಲ್ಲ. ಮೂರು ಗಂಟೆಯನ್ನು ಇಪ್ಪತ್ತು ನಿಮಿಷ ಮಾಡಲು ಕೂತವರು ಧಾರೆ, ಮಾಂಗಲ್ಯಧಾರಣೆ, ಗುಂಪು ಫೋಟೊ ಉಳಿಸಿ ಊಟದ ಪಂಕ್ತಿಯನ್ನು ತೆಗೆಯುತ್ತಾರೆ. ಮಾಂಗಲ್ಯಧಾರಣೆಯ ಫೋಟೊ ಆಲ್ಬಮ್ಮಿನಲ್ಲಿ ಇದೆ. ಊರಿನ ಇನ್ನೂರು ಜನ ಒಬ್ಬರಾದ ಮೇಲೊಬ್ಬರು ಕ್ಯಾಮೆರಾದ ಮುಂದೆ ಹಾದುಹೋಗುವುದು ಪಂಕ್ತಿಯಲ್ಲಿ ಮಾತ್ರ. ಅವರಲ್ಲಿ ಎಷ್ಟೋ ಮಂದಿ ಜೀವಮಾನದಲ್ಲಿ ಇನ್ನೆಂದೂ ವಿಡಿಯೊದಲ್ಲಿ ಬಂದವರಲ್ಲ. ಕೂಲಿಗೆ ಬರುತ್ತಿದ್ದವರು, ಪಾತ್ರೆ ತೊಳೆಯಲು ಬಂದವರು, ಶಾಲೆಯ ಮೇಷ್ಟ್ರು. ಹಿನ್ನೆಲೆಯಲ್ಲಿ ಈಗ ಇಲ್ಲದ ಹೆಂಚಿನ ಮನೆ, ಅಂಗಳದ ಚಪ್ಪರ, ಕಡಿದುಹಾಕಿದ ಹಲಸಿನ ಮರ.

ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ ಹೀಗೆ ಆರಿಸದೆ ಉಳಿಸುವುದನ್ನೇ ಬದುಕಿನ ಕೆಲಸ ಮಾಡಿಕೊಂಡಿದ್ದರು. 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಲವು ವಿಸಿಆರ್‌ಗಳನ್ನಿಟ್ಟುಕೊಂಡು ಟಿ.ವಿ. ಸುದ್ದಿಯನ್ನು ಹಗಲೂ ರಾತ್ರಿ ರೆಕಾರ್ಡ್ ಮಾಡಿದರು. ಸುಮಾರು 71,000 ಕ್ಯಾಸೆಟ್. ಮನೆಯವರಿಗೂ ಅರ್ಥವಾಗದ ಹಟ ಅದು. ಚಾನೆಲ್‌ಗಳು ತಾವೇ ಉಳಿಸಿಕೊಳ್ಳದ ಗಂಟೆಗಳೆಷ್ಟೋ ಅಲ್ಲಿದ್ದವು, ನಡುವಿನ ಜಾಹೀರಾತುಗಳೂ ಸೇರಿ. ಆ ಸಂಗ್ರಹ ಸ್ಯಾನ್‌ಫ್ರಾನ್ಸಿಸ್ಕೊದ ಇಂಟರ್‌ನೆಟ್ ಆರ್ಕೈವ್ ಸೇರಿತು. ಅವರ ಕುರಿತು ‘ರೆಕಾರ್ಡರ್’ ಎಂಬ ಸಾಕ್ಷ್ಯಚಿತ್ರ 2019ರಲ್ಲಿ ಬಂತು.

ನಮ್ಮಲ್ಲಿಯೂ ಮನೆಯ ಕ್ಯಾಸೆಟ್ ಮನೆಗಷ್ಟೇ ಸೇರಿದ್ದಲ್ಲ. ಹರಕೆಯ ಯಕ್ಷಗಾನ ಬಯಲಾಟವನ್ನು ರಾತ್ರಿಯಿಡೀ ವಿಡಿಯೊ ಮಾಡಿಸಿದ ಕುಟುಂಬಗಳು ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇವೆ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ದನಿಯನ್ನು ಆಡಿಯೊ ಕ್ಯಾಸೆಟ್‌ಗಳು ಮನೆಮನೆಗೆ ಮುಟ್ಟಿಸಿದವು. ಆ ತಲೆಮಾರಿನ ಭಾಗವತರು ಜಾಗಟೆ ಹಿಡಿದು ಕೂತ ಬಗೆ, ವೇಷಧಾರಿಗೆ ಕಣ್ಣಿನಲ್ಲೇ ಕೊಡುತ್ತಿದ್ದ ಸೂಚನೆ, ಮದ್ದಳೆಯವರತ್ತ ಓರೆ ತಿರುಗುತ್ತಿದ್ದ ಕ್ಷಣ ತಿಳಿಯಬೇಕಾದರೆ ವಿಡಿಯೊವೇ ಬೇಕು. ಅಂಥದ್ದು ಯಾವುದೋ ಮನೆಯ ‘ಹರಕೆ ಆಟ’ ಎಂಬ ಚೀಟಿಯ ಕೆಳಗೆ ಇರಬಹುದು. ಅಂಥ ಟೇಪ್ ಸಿಕ್ಕರೆ ಚೆಂಡೆಯ ಹೊಡೆತಕ್ಕೆ ದನಿ ಒಡೆಯದಂತೆ ಧ್ವನಿಯ ಮಟ್ಟವನ್ನು ಮೊದಲೇ ತಗ್ಗಿಸಿಟ್ಟು ಕ್ಯಾಪ್ಚರ್ ಮಾಡಬೇಕು. ಒಡೆದ ದನಿಯನ್ನು ಆಮೇಲೆ ಯಾವ ತಂತ್ರಾಂಶವೂ ಕೂಡಿಸುವುದಿಲ್ಲ.

ಎಲ್ಲ ಮುಗಿದ ಮೇಲೆ ಉಳಿಯುವ ಒಂದು ಕೆಲಸಕ್ಕೆ ಕಂಪ್ಯೂಟರ್ ಬೇಕಿಲ್ಲ, ಮನೆಯ ಹಿರಿಯರು ಬೇಕು. ಫೈಲ್ ಎಷ್ಟೇ ಚೊಕ್ಕವಾಗಿದ್ದರೂ ಅದರಲ್ಲಿರುವವರು ಯಾರೆಂದು ಫೈಲ್ ಹೇಳುವುದಿಲ್ಲ. ಪರದೆಯನ್ನು ದೊಡ್ಡಮ್ಮನ ಮುಂದಿಟ್ಟು, ಪಂಕ್ತಿ ಬಂದಾಗ ನಿಲ್ಲಿಸಿ ನಿಲ್ಲಿಸಿ, ಗಂಟೆ-ನಿಮಿಷ-ಸೆಕೆಂಡ್ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋಗಬೇಕು. ಒಂದು ಸಂಜೆಗೆ ಹತ್ತು ನಿಮಿಷದ ವಿಡಿಯೊ ಮುಗಿದರೆ ಹೆಚ್ಚು, ಪ್ರತಿಯೊಂದು ಮುಖಕ್ಕೂ ಒಂದು ಕತೆ ಬರುತ್ತದೆ. ಪುಟ ತುಂಬುತ್ತದೆ: 1:12:05, ಬಾಳೆಎಲೆ ಹಾಕುತ್ತಿರುವವರು ಕೆಳಮನೆ ಚಿಕ್ಕಪ್ಪ. 1:12:31, ಕಂಬಕ್ಕೆ ಒರಗಿ ನಿಂತವರು ಅಜ್ಜನ ಸ್ನೇಹಿತರು, ಸಂತೆಯಲ್ಲಿ ಅಡಿಕೆ ಅಂಗಡಿ ಇತ್ತು. 1:12:48, ನೀರು ಬಡಿಸುತ್ತಿರುವ ನೀಲಿ ಅಂಗಿಯ ಹುಡುಗ, ಹೆಸರು ದೊಡ್ಡಮ್ಮನಿಗೆ ನೆನಪಾಗಲಿಲ್ಲ, ಅತ್ತೆ ಬಂದಾಗ ಕೇಳುವುದು.